ದಿನಕ್ಕೊಂದು ಎಲೆ

2022ರ ದೀಪಾವಳಿಗೆ ಪುಣೆಯಿಂದ ಬಂದ ಮಗಳು ಟ್ಯಾರೋ ಎಲೆಗಳ ಕಟ್ಟೊಂದನ್ನು ಮನೆಯಲ್ಲೇ ಮರೆತು ಹೋದಳು. ಫೋನ್ ಮಾಡಿದರೆ, "ಇರಲಿ ಬಿಡ್ರಿ ಅಪ್ಪಾಜಿ, ದಿನಾ ಮುಂಜಾನೆ ಒಂದೊಂದು ಎಲಿ ತಗದು ಆ ದಿನಕ್ಕ ಹಚ್ಚಿ ನೋಡ್ರಿ" ಎಂದಳು. ನಿವೃತ್ತ ಮಾಸ್ತರನಿಗೆ ಹೊತ್ತು ಹೋಗಬೇಕಲ್ಲ! ಚಹಾದ ಜೊತೆ ಒಂದು ಎಲೆ ತೆಗೆಯುವ ರೂಢಿ ಬಿತ್ತು.

ಕಟ್ಟಿನಲ್ಲಿ 78 ಎಲೆಗಳು. 22 ಹಿರಿಯವು, ಉಳಿದ 56, ಇಸ್ಪೀಟಿನ ಹಾಗೆ, ಕೋಲು, ಬಟ್ಟಲು, ಕತ್ತಿ, ನಾಣ್ಯಗಳೆಂಬ ನಾಲ್ಕು ಪಂಗಡ. 15ನೆಯ ಶತಮಾನದ ಇಟಲಿಯಲ್ಲಿ ಇದು ಬರಿಯ ಆಟ. ಭವಿಷ್ಯ ಹೇಳುವ ಉದ್ಯೋಗ 18ನೆಯ ಶತಮಾನದಲ್ಲಿ ಅಂಟಿಕೊಂಡದ್ದು. ನನ್ನ ಕಟ್ಟಿನ ಚಿತ್ರಗಳು ಪಮೇಲಾ ಕೋಲ್ಮನ್ ಸ್ಮಿತ್ ಎಂಬಾಕೆ ಬರೆದು 1909ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದವು. ನಮ್ಮ ಸಾವಂತವಾಡಿಯ ದಶಾವತಾರ ಗಂಜೀಫದಲ್ಲಿ 120 ಎಲೆಗಳಿದ್ದೂ ಅದು ಆಟವಾಗಿಯೇ ಉಳಿಯಿತು, ಪುಣ್ಯ.

ನಾಚಿಕೆಯೂ ಇತ್ತು. ಗುಡ್ಡಾಪುರದ ದಾನಮ್ಮ ನಮ್ಮ ಮನೆದೇವರು. ಶಕುನ, ಮುಹೂರ್ತಗಳನ್ನು ಶರಣರು ಹೇಗೆ ತಳ್ಳಿಹಾಕಿದರೆಂದು ಮೂವತ್ತು ವರ್ಷ ಜತ್ತ ತಾಲೂಕಿನ ಕನ್ನಡ ಶಾಲೆಗಳಲ್ಲಿ ಪಾಠ ಹೇಳಿದವನು ನಾನು!

ಆ ನವೆಂಬರಿನಲ್ಲಿ ಗಡಿಯ ವಾದ ಮತ್ತೆ ಎದ್ದು ಪತ್ರಿಕೆಗಳ ತುಂಬ ಜತ್ತದ ಹೆಸರು. ಒಂದು ಮುಂಜಾನೆ ಬಂದ ಎಲೆಯಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಹೆಂಗಸು, ಎದೆಯ ಮೇಲೆ ಅಡ್ಡಡ್ಡ ಎರಡು ಕತ್ತಿ. ಬೆನ್ನ ಹಿಂದೆ ನೀರು. ನಕ್ಕುಬಿಟ್ಟೆ. ಕಾಸರಗೋಡಿನ ಓದುಗರಿಗೆ ಗಡಿಯೆಂದರೇನೆಂದು ನಾನು ಹೇಳಬೇಕಾಗಿಲ್ಲ. ಆದರೆ ನಿಮ್ಮಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ. ನಮ್ಮಲ್ಲಿ ಭಾಷೆಯ ಮಾತೂ ಕಡೆಗೆ ನೀರಿಗೇ ಬಂದು ನಿಲ್ಲುತ್ತದೆ.

2024ರ ಏಪ್ರಿಲ್. ದಾಳಿಂಬೆ ಗಿಡ ಒಣಗುತ್ತಿದ್ದವು. ಅದಾಗಲೇ ಎರಡು ಬೋರು ಹೊಡೆಸಿ ಸೋತಿದ್ದೆ: ಒಂದು ಅಂಗೈಯ ಮೇಲೆ ತೆಂಗಿನಕಾಯಿ ನಿಲ್ಲಿಸಿ ನೀರು ನೋಡುವವನ ಮಾತಿಗೆ, ಇನ್ನೊಂದು ಕವಲುಕಡ್ಡಿಯವನ ಮಾತಿಗೆ. ಎರಡರಲ್ಲೂ ಬಂದದ್ದು ಬಿಳಿ ಧೂಳು. ಮೂರನೆಯದಕ್ಕೆ ಉಳಿದದ್ದು ಹೆಂಡತಿಯ ಪಾಟಲಿ. ಬೋರಿನ ಗಾಡಿಯವನು ಮಧ್ಯಾಹ್ನ ಬರುವವನಿದ್ದ.

ಅಂದು ಮುಂಜಾನೆ ಬಂದದ್ದು ನಕ್ಷತ್ರದ ಎಲೆ. ಕೊಳದ ದಂಡೆಯಲ್ಲಿ ಮೊಣಕಾಲೂರಿದ ಹೆಣ್ಣು, ಎರಡು ಕೈಯಲ್ಲಿ ಎರಡು ಕೊಡ. ಒಂದರ ನೀರು ಕೊಳಕ್ಕೆ, ಇನ್ನೊಂದರದು ನೆಲಕ್ಕೆ. ಭರವಸೆಯ ಎಲೆ ಎಂದು ಮಗಳ ಪುಸ್ತಕದಲ್ಲಿ ಬರೆದಿದೆ. ಎದೆ ಹಗುರಾಯಿತು. ಒಳಗೆ ಕರೆದು ತೋರಿಸಿದೆ.

ಆಕೆ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು.

"ಈಕಿ ನೀರು ತುಂಬಾಕತ್ತಿಲ್ಲರಿ, ಚೆಲ್ಲಾಕತ್ತಾಳ. ಇದ್ದ ನೀರನ್ನ ನೆಲಕ್ಕ ಹಾಕಾಕತ್ತಾಳ" ಎಂದು ಪಾಟಲಿಯ ಗಂಟನ್ನು ನನ್ನ ಮುಂದಿಟ್ಟಳು. "ತಗೋರಿ. ಆದ್ರ ಎಲಿ ಹೇಳೇತಿ ಅಂತ ಒಯ್ಯಬ್ಯಾಡ್ರಿ. ನಾ ಒಯ್ದೇನಿ ಅಂತ ಒಯ್ರಿ."

ಮೊದಲ ಎರಡು ಸಲ ಆ ಮಾತು ಹೇಳಬೇಕಾಗಿದ್ದವನು ನಾನು; ತಪ್ಪನ್ನು ತೆಂಗಿನಕಾಯಿಗೂ ಕಡ್ಡಿಗೂ ಹಾಕಿದ್ದೆ. ಗಾಡಿಯವನಿಗೆ ಫೋನ್ ಮಾಡಿ ಬರಬೇಡವೆಂದೆ. ಅರ್ಧ ದಾಳಿಂಬೆ ಆ ಬೇಸಿಗೆಯಲ್ಲೇ ಹೋಯಿತು. ಇನ್ನರ್ಧಕ್ಕೆ ಕೊಂಡ ನೀರು ಹಾಕಿದೆವು.

ಎಲೆ ತೆಗೆಯುವುದನ್ನು ಬಿಟ್ಟಿಲ್ಲ. ಈಗ ತೆಗೆದೊಡನೆ ಪುಸ್ತಕ ನೋಡುವುದಿಲ್ಲ, ಒಳಗೆ ಒಯ್ದು ತೋರಿಸುತ್ತೇನೆ. ಒಮ್ಮೊಮ್ಮೆ ರೊಟ್ಟಿ ಬಡಿಯುತ್ತ, "ಆಮ್ಯಾಲ ನೋಡತೇನಿ, ಟ್ಯಾಂಕರ್ ಬಂತು, ಕೊಡ ತಗೋರಿ" ಎನ್ನುತ್ತಾಳೆ.