ಇತ್ತೀಚೆಗೆ ಮನೇಲಿ ನೋಡಿದ ಸಿನಿಮಾಗಳು

ಒಂದೂವರೆ ತಿಂಗಳಿಂದ ನಮ್ಮ ಮನೇಲಿ ಶನಿವಾರ ರಾತ್ರಿ ಒಂದು ಸಿನಿಮಾ ಅಂತ ರೂಢಿ ಆಗಿದೆ. ಜಯನಗರ ಏಳನೇ ಬ್ಲಾಕಿನ ಹಳೇ ಮನೆ, ಚಿಕ್ಕ ಹಾಲ್, ಆ ಹಾಲ್‌ಗೆ ಸ್ವಲ್ಪ ದೊಡ್ಡದೇ ಆಯ್ತು ಅನ್ನಿಸೋ ಟಿವಿ. ನೋಡೋರು ಐದು ಜನ. ಅಪ್ಪ, ಅಮ್ಮ, ನಾನು, ನನ್ನ ಹೆಂಡತಿ, ಒಂಬತ್ತನೇ ಕ್ಲಾಸಿನ ಮಗಳು. ಸಿನಿಮಾ ಆರಿಸೋ ಹಕ್ಕು ವಾರಕ್ಕೊಬ್ಬರದು, ರಿಮೋಟ್ ಮಾತ್ರ ಯಾವಾಗಲೂ ನನ್ನ ಕೈಲೇ! ಒಂದು ಸುತ್ತು ಮುಗೀತು. ನೋಡಿದ ಐದರ ಬಗ್ಗೆ ಅನ್ನಿಸಿದ್ದನ್ನ ಬರೀತಿದೀನಿ. ವಿಮರ್ಶೆ ಗಿಮರ್ಶೆ ಅಲ್ಲ, ಅಷ್ಟೆಲ್ಲ ನಂಗೆ ಗೊತ್ತೂ ಇಲ್ಲ.

ಆಚಾರ್ ಅಂಡ್ ಕೋ (2023)

ಇದು ಹೆಂಡತಿಯ ಆಯ್ಕೆ. ಸಿಂಧು ಶ್ರೀನಿವಾಸಮೂರ್ತಿ ನಿರ್ದೇಶಿಸಿ, ಸುಮಾ ಅನ್ನೋ ಪಾತ್ರವನ್ನೂ ತಾವೇ ಮಾಡಿದಾರೆ. ಪುನೀತ್ ಕಟ್ಟಿದ ಪಿಆರ್‌ಕೆ ಸಂಸ್ಥೆಯ ಸಿನಿಮಾ. ಅರವತ್ತರ ದಶಕದ ಬೆಂಗಳೂರು, ಅದರಲ್ಲೂ ನಮ್ಮ ಜಯನಗರದ ಒಂದು ತುಂಬಿದ ಸಂಸಾರದ ಕತೆ ಅಂದ ಮೇಲೆ ಕೇಳಬೇಕಾ? ಅಪ್ಪ ಸಿನಿಮಾ ಶುರು ಆಗೋಕೂ ಮೊದಲೇ ಅಶೋಕ ಪಿಲ್ಲರ್ ಇತಿಹಾಸ ಶುರು ಮಾಡಿದ್ರು. 1948ರಲ್ಲಿ ರಾಜಾಜಿ ಬಂದು ಜಯನಗರಕ್ಕೆ ಅಡಿಗಲ್ಲು ಹಾಕಿದ್ದು, ಸೌತ್ ಎಂಡ್ ಸರ್ಕಲ್ ಅಂದ್ರೆ ನಿಜವಾಗಲೂ ಊರಿನ ದಕ್ಷಿಣದ ಕೊನೆ ಆಗಿತ್ತು ಅನ್ನೋದು, ಎಲ್ಲ. ನಮಗೆ ಬಾಯಿಪಾಠ ಆಗಿದೆ.

ಸಿನಿಮಾ ಚೆನ್ನಾಗಿದೆ. ಜೋರು ದನಿ ಇಲ್ಲ, ಹೊಡೆದಾಟ ಇಲ್ಲ. ಮನೆ ತುಂಬ ಮಕ್ಕಳು, ಹುಡುಗಿಗೆ ಮದುವೆ ಆದ್ರೆ ಸಾಕು ಅನ್ನೋ ಕಾಲ, ಆಮೇಲೆ ಉಪ್ಪಿನಕಾಯಿ ವ್ಯಾಪಾರ. ಯಾರು ಯಾರ ತಂಗಿ ಅಂತ ನಂಗೆ ಕೊನೇವರೆಗೂ ಗೊಂದಲ ಇತ್ತು, ಅದು ಬೇರೆ ಮಾತು. ಉಪ್ಪಿನಕಾಯಿ ಭಾಗ ಬಂದಾಗ "ಬಾಮ್ಮಾ, ನಿನ್ನ ಸಬ್ಜೆಕ್ಟು ಬಂತು" ಅಂತ ಕರೆದೆ. ಅಮ್ಮ ಅಡುಗೆಮನೇಲಿ ಚಪಾತಿ ಮಾಡ್ತಾ ಇದ್ರು. ಅಪ್ಪನಿಗೆ ಚಪಾತಿ ಕಾವಲಿಯಿಂದ ನೇರ ತಟ್ಟೆಗೇ ಬೀಳಬೇಕು. "ನೀವು ನೋಡ್ತಿರಿ, ನಂಗೆ ಇಲ್ಲಿಂದಾನೇ ಕೇಳಿಸುತ್ತೆ" ಅಂದ್ರು. ಸರಿ ಅಂತ ನಾವು ನೋಡಿದ್ವಿ.

ಆವೇಶಂ (2024)

ಮಗಳ ಸರದಿ. ಮಲಯಾಳಂ ಸಿನಿಮಾ, ಕತೆ ನಡೆಯೋದು ಬೆಂಗಳೂರಲ್ಲೇ. ಕೇರಳದಿಂದ ಇಂಜಿನಿಯರಿಂಗ್ ಓದೋಕೆ ಬಂದ ಮೂರು ಹುಡುಗರು, ಸೀನಿಯರ್‌ಗಳ ಕೈಲಿ ಹೊಡೆತ ತಿಂದು, ಸೇಡು ತೀರಿಸ್ಕೊಳ್ಳೋಕೆ ಒಬ್ಬ ಲೋಕಲ್ ರೌಡಿಯ ಸ್ನೇಹ ಮಾಡ್ತಾರೆ. ಬಿಳಿ ಬಟ್ಟೆ, ಮೈ ತುಂಬ ಚಿನ್ನ ಹಾಕ್ಕೊಂಡ ಆ ರಂಗಣ್ಣನ ಪಾತ್ರದಲ್ಲಿ ಫಹಾದ್ ಫಾಸಿಲ್. ಏನು ನಟನೆ ಮಾರಾಯ್ರೆ! ನಗಿಸ್ತಾ ನಗಿಸ್ತಾನೇ ಹೆದರಿಸ್ತಾನೆ. ಬೇರೆ ಊರಿನೋರ ಸಿನಿಮಾದಲ್ಲಿ ಬೆಂಗಳೂರು ಅಂದ್ರೆ ಬರೀ ರೌಡಿ, ಬಾರು, ಪಿಜಿ ಮಾತ್ರಾನಾ ಅಂತ ಸ್ವಲ್ಪ ಉರೀತು. ಆದ್ರೆ ಎದ್ದು ಹೋಗೋ ಮನಸ್ಸಾಗಲಿಲ್ಲ.

ಹುಡುಗರಲ್ಲಿ ಒಬ್ಬನ ಅಮ್ಮ ಫೋನಿನಲ್ಲೇ ರಂಗಣ್ಣನ್ನ ಖುಷಿಯಾಗಿದೀಯಾ ಅಂತ ವಿಚಾರಿಸ್ತಾರೆ. ಅಂಥ ರೌಡಿ ಆ ಒಂದು ಮಾತಿಗೆ ಕರಗಿಬಿಡ್ತಾನೆ. ಆ ಹೊತ್ತಿಗೆ ಸರಿಯಾಗಿ ನಮ್ಮ ಅಮ್ಮ ಒಳಗಿಂದ "ಏನಂತೋ ಅವನು?" ಅಂತ ಕೇಳಿದ್ರು. "ತಾಳಮ್ಮ, ಆಮೇಲೆ ಹೇಳ್ತೀನಿ" ಅಂದೆ. ಹೀಗೆ ಮೂರು ಸಲ ಆಯ್ತು. ಆಮೇಲೆ ಹೇಳಲಿಲ್ಲ, ಮರೆತೇ ಹೋಯ್ತು.

ಗೋಧಿ ಬಣ್ಣ ಸಾಧಾರಣ ಮೈಕಟ್ಟು (2016)

ಅಪ್ಪ ಕೇಳಿದ್ದು ಇದನ್ನ. ಸಾಮಾನ್ಯವಾಗಿ ಅರ್ಧ ಗಂಟೆಗೆ ಗೊರಕೆ ಹೊಡೆಯೋ ನಮ್ಮಪ್ಪ ಇದನ್ನ ಮಾತ್ರ ಕಣ್ಣು ಬಿಟ್ಕೊಂಡು ನೋಡಿದ್ರು. ಅಲ್ಜೈಮರ್ಸ್ ಇರೋ ವೆಂಕೋಬರಾವ್ ಆಗಿ ಅನಂತನಾಗ್, ಅವರನ್ನ ಕಳ್ಕೊಂಡು ಹುಡುಕೋ ಮಗ ರಕ್ಷಿತ್ ಶೆಟ್ಟಿ. ಹೇಮಂತ್ ರಾವ್ ಅವರ ಮೊದಲ ಸಿನಿಮಾ ಅಂದ್ರೆ ನಂಬೋಕಾಗಲ್ಲ. ರೌಡಿಗಳ ಭಾಗ ಸ್ವಲ್ಪ ಕಮ್ಮಿ ಇದ್ದಿದ್ರೆ ನಂಗೆ ಇನ್ನೂ ಹಿಡಿಸ್ತಿತ್ತು. ಅನಂತನಾಗ್ ದನಿ ಕೇಳಿದಾಗೆಲ್ಲ ಅಮ್ಮ ಗ್ಯಾಸ್ ಸಣ್ಣ ಮಾಡಿ, ಲಟ್ಟಣಿಗೆ ಕೈಲೇ ಹಿಡ್ಕೊಂಡು ಬಾಗಿಲ ಹತ್ರ ಬಂದು ನಿಲ್ಲೋರು. ದೃಶ್ಯ ಮುಗಿದ್ರೆ ವಾಪಸ್ಸು.

ಕಾಣೆಯಾದೋರ ಪ್ರಕಟಣೆಯ ಭಾಷೆಯನ್ನೇ ಸಿನಿಮಾದ ಹೆಸರು ಮಾಡಿರೋದು ಎಷ್ಟು ಸರಿಯಾಗಿದೆ ನೋಡಿ. ಒಬ್ಬ ಮನುಷ್ಯನ ಬಗ್ಗೆ ಮನೆಯೋರಿಗೆ ಹೇಳೋಕೆ ಬರೋದು ಅಷ್ಟೇ, ಬಣ್ಣ ಮತ್ತೆ ಮೈಕಟ್ಟು! ಮಲಗಿದ ಮೇಲೂ ಅದೇ ತಲೇಲಿತ್ತು. ಅಪ್ಪನ ಬಗ್ಗೆ ನಂಗೆ ಒಂದಷ್ಟು ಗೊತ್ತು, ಅವರು ಹೇಳ್ತಾನೇ ಇರ್ತಾರೆ. ಅಮ್ಮನ ಬಗ್ಗೆ ಬರಿ ಅಂದ್ರೆ ಏನು ಬರೀತಿದ್ದೆ?

ಗಣೇಶನ ಮದುವೆ (1990)

ಅಮ್ಮನ ಸರದಿ ಬಂದಾಗ "ಯಾವುದಾದ್ರೂ ಹಾಕೋ" ಅಂದ್ರು. ಮೊಮ್ಮಗಳು ಬಿಡಲಿಲ್ಲ, "ಅಜ್ಜಿ, ರೂಲ್ಸ್ ಅಂದ್ರೆ ರೂಲ್ಸ್" ಅಂದಳು. ಆಗ ಬಂದ ಹೆಸರು ಇದು. ಯೂಟ್ಯೂಬಲ್ಲಿ ಸಿಕ್ತು. ಫಣಿ ರಾಮಚಂದ್ರ ಅವರ ನಿರ್ದೇಶನ, ಅನಂತನಾಗ್, ವಿನಯಾ ಪ್ರಸಾದ್. ರಮಣಮೂರ್ತಿಯ ವಠಾರ. ಮುಖ ನೋಡದೆ ಶ್ರುತಿ ಅನ್ನೋ ಗಾಯಕಿಯ ದನಿಗೆ ಮರುಳಾದ ಗಣೇಶ, ಅವಳೇ ತಾನು ದಿನಾ ಜಗಳ ಆಡೋ ಮನೆ ಮಾಲೀಕರ ಮಗಳು ಅಂತ ಗೊತ್ತಿಲ್ಲದೆ ಒದ್ದಾಡೋದು. ಇವತ್ತಿಗೂ ಹೊಟ್ಟೆ ಹುಣ್ಣಾಗುವಷ್ಟು ನಗು ಬರುತ್ತೆ. ಮಗಳಿಗೆ ವಠಾರ ಅಂದ್ರೆ ಏನು ಅಂತ ವಿವರಿಸಬೇಕಾಯ್ತು :-)

ಆಶ್ಚರ್ಯ ಏನಂದ್ರೆ, ಅಮ್ಮನಿಗೆ ಇಡೀ ಸಿನಿಮಾ ನೆನಪಿದೆ. ಮುಂದಿನ ದೃಶ್ಯ ಯಾವುದು, ಯಾರು ಎಲ್ಲಿಂದ ಬರ್ತಾರೆ, ಎಲ್ಲ. ಒಳಗೆ ಚಪಾತಿ ಲಟ್ಟಿಸ್ತಾನೇ ಮಾತು ಬರೋಕೆ ಮೊದಲೇ ಮಾತು ಹೇಳೋರು! ಯಾವ ಥಿಯೇಟರಲ್ಲಿ ನೋಡಿದ್ದು ಅನ್ನೋದಕ್ಕೆ ಮಾತ್ರ ಜಗಳ. ಅಪ್ಪ ನಂದಾ ಅಂತಾರೆ. ಅಮ್ಮ ನಾಲ್ಕನೇ ಬ್ಲಾಕ್ ಕಾಂಪ್ಲೆಕ್ಸಿನ ಪುಟ್ಟಣ್ಣ ಅಂತಾರೆ. ನಾನು ಆಗ ಎರಡನೇ ಕ್ಲಾಸು. ನಂಗೆ ನೆನಪಿರೋದು ಇಂಟರ್ವಲ್‌ನಲ್ಲಿ ತಿಂದ ಐಸ್‌ಕ್ರೀಮು, ಮತ್ತೆ ಸಿನಿಮಾಗೆ ಹೋದ ದಿನ ರಾತ್ರಿ ಬರೀ ಮಧ್ಯಾಹ್ನದ ಹುಳಿ, ಮೊಸರನ್ನ ಇರ್ತಿತ್ತು ಅನ್ನೋದು. ಈಗ ನಂದಾನೂ ಇಲ್ಲ, ಪುಟ್ಟಣ್ಣನೂ ಇಲ್ಲ. ನಂದಾ ಟಾಕೀಸ್ ರಸ್ತೆ ಅಂತ ಹೆಸರು ಮಾತ್ರ ಜನರ ಬಾಯಲ್ಲಿ ಉಳಿದಿದೆ.

ದಿ ಗ್ರೇಟ್ ಇಂಡಿಯನ್ ಕಿಚನ್ (2021)

ಕೊನೆಯದು ನನ್ನ ಸರದಿ. ತುಂಬ ಜನ ಹೊಗಳಿದ್ರು, ನೋಡಿಲ್ಲ ಅಂದ್ರೆ ಮರ್ಯಾದೆ ಇಲ್ಲ ಅಂತ ಹಾಕಿದೆ. ಜಿಯೋ ಬೇಬಿ ನಿರ್ದೇಶನದ ಮಲಯಾಳಂ ಸಿನಿಮಾ. ನಿಮಿಷಾ ಸಜಯನ್ ಹೊಸ ಸೊಸೆ, ಸೂರಜ್ ವೆಂಜಾರಮೂಡು ಗಂಡ. ಮೇಷ್ಟ್ರು, ಕೂಗಾಡೋನಲ್ಲ, ಹೊಡೆಯೋನಲ್ಲ. ಮಾವನೂ ಮೆತ್ತಗೆ ಮಾತಾಡೋರೇ. ಚಟ್ನಿ ಮಿಕ್ಸೀಲಿ ಬೇಡ ಕಲ್ಲಲ್ಲಿ ರುಬ್ಬು, ಅನ್ನ ಕುಕ್ಕರ್ ಬೇಡ ಸೌದೆ ಒಲೇಲಿ ಮಾಡು ಅಂತ ಮೆತ್ತಗೇ ಹೇಳ್ತಾರೆ. ಹಿನ್ನೆಲೆ ಸಂಗೀತ ಇಲ್ಲ ಅನ್ನೋ ಹಾಗೇ ಇದೆ. ಬರೀ ಹೆಚ್ಚೋ ಸದ್ದು, ಒಗ್ಗರಣೆ ಸದ್ದು, ಪಾತ್ರೆ ಸದ್ದು, ನಲ್ಲಿ ನೀರು.

ಅರ್ಧ ಗಂಟೆ ಆಗಿರಬಹುದು. ಒಳಗಿಂದ ಅಮ್ಮ "ಏನೋ ಅದು, ಸಿನಿಮಾ ಹಾಕೇ ಇಲ್ವಾ ಇನ್ನೂ?" ಅಂದ್ರು.

ಮೊದಲು ನಾವೆಲ್ಲ ನಕ್ವಿ. ಆಮೇಲೆ ಹೆಂಡತಿ ನಗು ನಿಲ್ಲಿಸಿ ನನ್ನ ಮುಖ ನೋಡಿದಳು. ಅಮ್ಮನ ಅಡುಗೆಮನೆ ಸದ್ದು, ಟಿವಿ ಸದ್ದು ಎರಡೂ ಒಂದೇ ಆಗಿತ್ತು. ಅದಕ್ಕೇ ಅವರಿಗೆ ಗೊತ್ತಾಗಿರಲಿಲ್ಲ. ನನ್ನ ತಟ್ಟೇಲಿ ಮೂರನೇ ಚಪಾತಿ ಇತ್ತು, ಬಿಸಿ ಬಿಸಿ.

ಅಮ್ಮ ಕೈ ಒರೆಸ್ಕೊಳ್ತಾ ಬಂದು ಬಾಗಿಲಲ್ಲಿ ನಿಂತ್ರು. ಟಿವೀಲಿ ಸಿಂಕ್ ಕೆಳಗಿನ ಪೈಪ್ ಸೋರ್ತಾ ಇತ್ತು. ಪ್ಲಂಬರ್‌ನ ಕರೆಸಿ ಅಂತ ಅವಳು ಹೇಳೋದು, ಅವನು ಮರೆಯೋದು. ಅಮ್ಮ ಸ್ವಲ್ಪ ಹೊತ್ತು ನೋಡಿ, "ಓ, ಇವರ ಮನೇಲೂ ಹಿಂಗೇನಾ" ಅಂದು ಒಳಗೆ ಹೋದ್ರು. ಕೋಪ ಏನೂ ಇರಲಿಲ್ಲ ದನೀಲಿ.

ನಮ್ಮ ಸಿಂಕಿನ ಕೆಳಗೂ ಒಂದು ಬಕೆಟ್ ಇದೆ. ಎಂಟು ತಿಂಗಳಿಂದ. ನಾಳೆ ಕರೆಸ್ತೀನಿ ಅಂದೋನು ನಾನೇ.

ಸಿನಿಮಾ ಹೇಗೆ ಮುಗಿಯುತ್ತೆ ಅಂತ ಹೇಳಲ್ಲ, ನೋಡಿ. ಎಂಜಲನ್ನ ಟೇಬಲ್ ಮೇಲೇ ಬಿಟ್ಟು ಏಳೋ ದೃಶ್ಯದಲ್ಲಿ ಅಪ್ಪ ಕೂತಲ್ಲೇ ಮಿಸುಕಾಡಿದ್ರು ಅಂತ ಮಾತ್ರ ಹೇಳಬಲ್ಲೆ. ಅವತ್ತು ಅವರು ತಟ್ಟೆ ತಾವೇ ಎತ್ತಿಟ್ರು.

ಅವತ್ತು ರಾತ್ರಿ ಲೆಕ್ಕ ಹಾಕಿದೆ. ಈ ಐದರಲ್ಲಿ ಅಮ್ಮ ಪೂರ್ತಿ ನೋಡಿದ್ದು ಒಂದೂ ಇಲ್ಲ. ಅವರ ಆಯ್ಕೆಯದೂ ಇಲ್ಲ. ಗಣೇಶನ ಮದುವೆ ಅಷ್ಟು ನೆನಪಿರೋದಕ್ಕೆ ಕಾರಣ, ಅದನ್ನ ಅವರು ಥಿಯೇಟರಲ್ಲಿ ನೋಡಿದ್ದು. ಅಲ್ಲಿ ಅಡುಗೆಮನೆ ಇರಲಿಲ್ಲ. ಎರಡೂವರೆ ಗಂಟೆ ಕತ್ತಲಲ್ಲಿ ಎದ್ದು ಹೋಗೋಕೆ ಜಾಗ ಇರಲಿಲ್ಲ, ಯಾರೂ ಚಪಾತಿ ಕೇಳ್ತಿರಲಿಲ್ಲ. ಮನೇಲಿ ಆರಾಮಾಗಿ ನೋಡಬಹುದು, ಟ್ರಾಫಿಕ್ ಇಲ್ಲ, ಟಿಕೆಟ್ ಇಲ್ಲ ಅಂತ ನಾನು ಆಫೀಸಲ್ಲಿ ಎಷ್ಟು ಜನಕ್ಕೆ ಹೇಳಿದೀನೋ! ಆರಾಮು ಯಾರಿಗೆ ಅಂತ ಯೋಚನೆ ಮಾಡಿರಲಿಲ್ಲ. ಕೈಲಿ ರಿಮೋಟ್ ಇತ್ತು, ಅದರಲ್ಲಿ ನಿಲ್ಲಿಸೋ ಬಟನ್ನೂ ಇತ್ತು. ನನ್ನ ಫೋನ್ ಬಂದಾಗೆಲ್ಲ ಒತ್ತಿದೀನಿ.

ಸೋಮವಾರ ಪ್ಲಂಬರ್ ಬಂದ. ಹದಿನೈದು ನಿಮಿಷದ ಕೆಲಸ.

ಮೊನ್ನೆ ಶನಿವಾರ ಹೊಸ ಸಿನಿಮಾ ಬೇಡ ಅಂತ ತೀರ್ಮಾನ ಆಯ್ತು. ಎಂಟು ಗಂಟೆಗೆ ಊಟ, ನಾನೂ ಮಗಳೂ ಸೇರಿ ಮಾಡಿದ ಚಿತ್ರಾನ್ನ (ಉಪ್ಪು ಜಾಸ್ತಿ). ಆಮೇಲೆ ಆಚಾರ್ ಅಂಡ್ ಕೋ, ಮತ್ತೆ ಮೊದಲಿಂದ. ಅಮ್ಮ ಎರಡು ಸಲ ಎದ್ರು, ಒಂದ್ಸಲ ಹಾಲು ಫ್ರಿಜ್ಜಿಗಿಡೋಕೆ, ಒಂದ್ಸಲ ಸುಮ್ಮನೆ ಅಭ್ಯಾಸಕ್ಕೆ. ಎರಡು ಸಲಾನೂ ನಿಲ್ಲಿಸಿದ್ವಿ. ಅಪ್ಪ ಗೊಣಗಿದ್ರು, ಆಮೇಲೆ ನಿದ್ದೆ ಹೋದ್ರು. ಅಮ್ಮ ಕೊನೇವರೆಗೂ ನೋಡಿದ್ರು.

ಮುಗಿದ ಮೇಲೆ ಅವರು ಹೇಳಿದ್ದು ಇಷ್ಟೇ: "ಇದಾ ಕತೆ! ನಾನು ಒಳಗಿಂದ ಕೇಳಿ ಬೇರೇನೋ ಅಂದ್ಕೊಂಡಿದ್ದೆ ಕಣೋ."

ಈ ವಾರ ಮತ್ತೆ ಅಮ್ಮನ ಸರದಿ ಮಾಡೋಣ ಅಂತಿದೀವಿ. ಒಳ್ಳೇ ಹಳೇ ಅನಂತನಾಗ್ ಸಿನಿಮಾ ಯಾವುದಾದ್ರೂ ಇದ್ರೆ ಹೇಳಿ.