ಕೇಳಬಾರದಿದ್ದ ಪ್ರಶ್ನೆ

ಮದ್ದೂರಿನ ನಮ್ಮ ಓಣಿಯ ಹುಡುಗನೊಬ್ಬ 108 ಅಂಬುಲೆನ್ಸಿನಲ್ಲಿ ಪೈಲಟ್. ಆ ಗಾಡಿಯ ಡ್ರೈವರರಿಗೆ ಪೈಲಟ್ ಎನ್ನುವುದೇ ರೂಢಿ. ಅವನ ಡ್ಯೂಟಿ ಹೆದ್ದಾರಿ ಕಡೆ. ಊರಿಗೆ ಬಂದಾಗಲೆಲ್ಲ ಮೊದಲು ನಮ್ಮ ಕಟ್ಟೆಗೆ ಬಂದು ಕೂಡುತ್ತಿದ್ದ. ನಮ್ಮದು ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಮನೆ. ಆದರೂ ಅವನಿಗೆಂದು ಅವ್ವ ಎರಡು ಜೋಳದ ರೊಟ್ಟಿ ಮುಚ್ಚಿಡುತ್ತಿದ್ದಳು.

2013ರ ಅಕ್ಟೋಬರ್ 30ರ ನಸುಕಿನಲ್ಲಿ, ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ವೋಲ್ವೋ ಬಸ್ಸು ಪಾಲೆಂ ಬಳಿ ಮೋರಿಗೆ ಬಡಿದು ಹೊತ್ತಿಕೊಂಡಿತು. ಆಗ ಪಾಲೆಂ, ಮದ್ದೂರು ಎರಡೂ ಮಹಬೂಬನಗರ ಜಿಲ್ಲೆಯಲ್ಲೇ ಇದ್ದವು. 45 ಮಂದಿ ಸುಟ್ಟುಹೋದರು. ಯಾರು ಯಾರೆಂದು ತಿಳಿಯಲು ಡಿಎನ್‌ಎ ಪರೀಕ್ಷೆಯೇ ಆಗಬೇಕಾಯಿತು. ಹೆಣ ಎತ್ತಿದವರಲ್ಲಿ ಈ ಹುಡುಗನೂ ಇದ್ದ.

ಮರುದಿನ ಊರಿಗೆ ಬಂದ. ನಾವೆಲ್ಲ ಕಟ್ಟೆಗೆ ಸೇರಿದೆವು. “ಹ್ಯಾಂಗಿತ್ತಪ್ಪಾ? ಕೂಸುಗಳೂ ಇದ್ದವೇನು?” ಎಂದು ನಮ್ಮ ಕಾಕಾ ಕೇಳಿದರು. “ಬಿಡ್ರಿ ಕಾಕಾ” ಎಂದ. ನಾವು ಬಿಡಲಿಲ್ಲ. ಕೊನೆಗೆ ಹೇಳಿದ. ರೊಟ್ಟಿ ತಟ್ಟೆಯಲ್ಲೇ ಉಳಿಯಿತು.

ಆಮೇಲೆ ಅವನು ನಮ್ಮ ಕಟ್ಟೆ ಹತ್ತಲಿಲ್ಲ. ರಾತ್ರಿ ನಿದ್ದೆಯಿಲ್ಲ, ಹಂಚಿನ ಮೇಲೆ ರೊಟ್ಟಿ ಸೀದರೆ ಎದ್ದು ಹೊರಗೆ ಹೋಗುತ್ತಿದ್ದ. “ಗಂಡಸಾಗಿ ಇಷ್ಟಕ್ಕೆ ಹೆದರೋದಾ?” ಎಂದವರಿದ್ದರು. ತಾಯತ ಕಟ್ಟಿಸಿದ್ದು, ಅಂಗಡಿಯಿಂದ ನಿದ್ದೆಗುಳಿಗೆ ತಂದುಕೊಟ್ಟದ್ದು ಮಾತ್ರ ನಾವೇ. ಒಳ್ಳೆಯದಾಗಲಿ ಎಂದೇ ಮಾಡಿದೆವು, ಏನು ಹೇಳುವುದು!

ಎರಡು ತಿಂಗಳಾದ ಮೇಲೆ ಅವನ ತಾಯಿ ಅವ್ವನ ಮುಂದೆ ಅತ್ತಳು. ಆಗ ಕಾಕಾ ಅವನನ್ನು ಮನೋವೈದ್ಯರ ಬಳಿ ಕರೆದೊಯ್ದರು. ಅಂಥದನ್ನು ಕಂಡವರಿಗೆ ಕೆಲವು ದಿನ ನಿದ್ದೆ ಕೆಡುವುದು ಸಹಜ, ಬಹುಪಾಲು ಜನರಿಗೆ ತಾನಾಗಿ ಇಳಿಯುತ್ತದೆ ಎಂದರಂತೆ ವೈದ್ಯರು. ತಿಂಗಳು ಮೀರಿದರೂ ಇಳಿಯದೆ, ಕಂಡದ್ದೇ ಮತ್ತೆ ಮತ್ತೆ ಕಣ್ಣೆದುರು ಬಂದರೆ ಅದು ಕಾಯಿಲೆ. ಚಿಕಿತ್ಸೆಯುಂಟು. ವಾರವಾರ ಕೂತು ಮಾತಾಡಿಸುತ್ತಾರೆ. ಎಷ್ಟು ಹೇಳಬೇಕೆಂಬುದು ಹೇಳುವವನ ಇಷ್ಟ. ಆದರೆ ಘಟನೆಯಾದ ಕೂಡಲೇ ಒತ್ತಾಯಮಾಡಿ ಹೇಳಿಸಿದರೆ ಗುಣವಿಲ್ಲ, ಕೆಲವರಿಗೆ ಕೇಡೂ ಆಗಬಹುದು. ಇದನ್ನು ನಮಗೆ ಹೇಳುವಾಗ ಕಾಕಾ ತಲೆ ಎತ್ತಲಿಲ್ಲ.

ಆರು ತಿಂಗಳು ಹಿಡಿಯಿತು. ಅವನು ಕೆಲಸ ಬಿಡಲಿಲ್ಲ. ಈಗಾದರೆ ಫೋನಿನಲ್ಲೇ ಮೊದಲ ಸಹಾಯ ಸಿಗುತ್ತದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್‌ನ ನಂಬರು 14416. ಕಾಸಿಲ್ಲ, ಹಗಲು ರಾತ್ರಿ ಉಂಟು. ನಮ್ಮ ಗಡಿಯವರಿಗೆ ಕನ್ನಡ, ತೆಲುಗು ಎರಡೂ ನಡೆಯುತ್ತದೆ. ಪೊಲೀಸರ ಮನೆಯವರು, ಫೈರ್ ಸ್ಟೇಷನ್ನಿನವರ ಮನೆಯವರು ಅಡುಗೆಮನೆ ಗೋಡೆಗೆ ಬರೆದಿಟ್ಟುಕೊಂಡರೂ ತಪ್ಪಿಲ್ಲ.

2025ರ ಅಕ್ಟೋಬರ್ 24ರಂದು ಕರ್ನೂಲು ಹತ್ತಿರ ಮತ್ತೊಂದು ಬಸ್ಸು ಉರಿಯಿತು. ಈ ಸಲ ಅವನು ಅಲ್ಲಿರಲಿಲ್ಲ, ಊರಲ್ಲೇ ಇದ್ದ. ಸಂಜೆ ಕಟ್ಟೆಗೆ ಬಂದ. ಕಾಕಾ ಸರಿದು ಜಾಗ ಕೊಟ್ಟರು, ನೀರು ತರಿಸಿದರು, ಏನೂ ಕೇಳಲಿಲ್ಲ. ಬಹಳ ಹೊತ್ತಾದ ಮೇಲೆ ಅವನೇ ಅಂದ:

“ಅಲ್ಲಿಗೆ ಹೋದ ಹುಡುಗರಿಗೆ ಆ ನಂಬರು ಕಳಿಸೀನ್ರಿ ಕಾಕಾ.”