ಒಣ ಎಲೆಯ ಬುಟ್ಟಿ

ಅಂಗಳದ ಹಲಸಿನ ಮರದ ಕವಲಿನಲ್ಲಿ ಒಂದು ಜರಿಗಿಡ ಕೂತಿದೆ. ಪಕ್ಕದ ಮನೆಯ ಅಜ್ಜ ಪ್ರತಿ ಬೇಸಿಗೆಯಲ್ಲೂ ಬೇಲಿಯಾಚೆಯಿಂದ ಎಚ್ಚರಿಸುತ್ತಾರೆ: "ಆ ಬದನಿಕೆ ಕಿತ್ತು ಬಿಸಾಕು ಮಾರಾಯ, ಮರದ ರಸವೆಲ್ಲ ಹೀರ್ತದೆ." ಹೀರುವುದು ಬದನಿಕೆಯ ಜಾಯಮಾನ. ಈ ಜರಿಗಿಡಕ್ಕೆ ಮರದಿಂದ ಬೇಕಾದದ್ದು ಕೂರಲು ಜಾಗವಷ್ಟೇ. ಎಷ್ಟು ಸಲ ಹೇಳಿದರೂ ಅಜ್ಜ ನಂಬಿಲ್ಲ.

ಪುಸ್ತಕದಲ್ಲಿ ಇದು ಡ್ರೈನೇರಿಯಾ ಕ್ವೆರ್ಸಿಫೋಲಿಯಾ. 1753ರಲ್ಲಿ ಲಿನೇಯಸ್ ಓಕ್ ಮರದ ಎಲೆಗೆ ಹೋಲಿಸಿ ಹೆಸರಿಟ್ಟ. ನಮ್ಮೂರಲ್ಲಿ ಓಕ್ ಕಂಡವರೇ ಇಲ್ಲ; ಇರಲಿ.

ಹೋಲಿಕೆ ಹುಟ್ಟಿದ್ದು ಬುಡದ ಎಲೆಗಳಿಂದ. ಈ ಗಿಡಕ್ಕೆ ಎಲೆ ಎರಡು ಬಗೆ. ಒಂದು, ಉದ್ದ ತೊಟ್ಟಿನ ಹಸಿರು ಗರಿ. ಮಗುಚಿದರೆ ನರಗಳ ನಡುವೆ ಎರಡೆರಡು ಸಾಲು ಕಂದು ಚುಕ್ಕೆ, ಬೀಜಾಣುಗಳ ಮನೆ. ಇನ್ನೊಂದಕ್ಕೆ ತೊಟ್ಟಿಲ್ಲ, ಬೀಜಾಣುವೂ ಇಲ್ಲ. ಹಸಿರಾಗಿ ಹುಟ್ಟಿ, ಬೇಗನೆ ಒಣಗಿ, ಹಪ್ಪಳದಂತೆ ಗರಗರ ಎನ್ನುತ್ತ ಕೊಂಬೆಗೆ ಅಂಟಿಕೊಂಡೇ ಉಳಿಯುತ್ತದೆ. ಬೇಸಿಗೆಯಲ್ಲಿ ಗರಿಗಳು ಉದುರಿದರೂ ಇವು ಬಿಡುವುದಿಲ್ಲ. ಮೇಲಿನಿಂದ ಬಿದ್ದ ತರಗೆಲೆ, ಧೂಳು, ಹಿಕ್ಕೆ ಎಲ್ಲವನ್ನೂ ಹಿಡಿದಿಟ್ಟು ಕೊಳೆಸುತ್ತವೆ. ನೆಲದಿಂದ ಹದಿನೈದು ಅಡಿ ಮೇಲೆ ಸ್ವಂತ ಗೊಬ್ಬರಗುಂಡಿ!

ನನ್ನ ಹುಚ್ಚು ಶುರುವಾದದ್ದು ಗಾಳಿಗೆ ಮುರಿದುಬಿದ್ದ ಕೊಂಬೆಯಿಂದ. ಅದರ ಮೇಲಿದ್ದ ಹೆಬ್ಬೆರಳು ದಪ್ಪದ ಕಾಂಡ ಅಳಿಲಿನ ಬಾಲದಂತೆ ಕಂದು ಹುರುಪೆ ಹೊದ್ದು ಮೆತ್ತಗಿತ್ತು. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಇದನ್ನೇ ಜಜ್ಜಿ ಸೂಪು ಮಾಡುತ್ತಾರೆ. 'ಮುಡವಾಟ್ಟುಕಾಲ್' ಎಂದು ಹೆಸರು, ಕುರಿಕಾಲಿನ ಹೋಲಿಕೆ. ನನಗೆ ತಿನ್ನುವ ಮನಸ್ಸಾಗಲಿಲ್ಲ. ಒಂದು ತುಂಡನ್ನು ಬಾಳೆನಾರಿನಿಂದ ತೆಂಗಿನ ಸಿಪ್ಪೆಗೆ ಕಟ್ಟಿ ಜಗಲಿಯಲ್ಲಿ ತೂಗುಹಾಕಿದೆ. ಮಣ್ಣಲ್ಲಿ ಹೂಳಬಾರದು, ಕೊಳೆಯುತ್ತದೆ. ಮೊದಲ ವರ್ಷ ನಾನು ಮಾಡಿದ ದೊಡ್ಡ ತಪ್ಪೆಂದರೆ ಚೊಕ್ಕಟ. ನೆಂಟರು ಬರುತ್ತಾರೆಂದು ಒಣ ಎಲೆಗಳನ್ನೆಲ್ಲ ಕಿತ್ತು ಗುಡಿಸಿದೆ. ಗಿಡ ಇಡೀ ಮಳೆಗಾಲ ಸಪ್ಪೆಮೋರೆ ಹಾಕಿಕೊಂಡಿತ್ತು, ಹೊಸ ಗರಿ ಗೇಣುದ್ದ ಬೆಳೆದು ನಿಂತುಬಿಟ್ಟಿತು.

ಈಗ ಮುಟ್ಟುವುದಿಲ್ಲ. ಎಳೆ ಗರಿಯ ಮೇಲೆ ಸಿಹಿ ಜಿನುಗುತ್ತದೆ, ಇರುವೆಗಳ ಸಾಲು ಬರುತ್ತದೆ. ನಾನು ಕಾಫಿ ಹಿಡಿದು ಕೂತು ನೋಡುತ್ತೇನೆ. ನಿನ್ನೆ ಬುಟ್ಟಿಯೊಳಗೆ ಬೆರಳಾಡಿಸಿದೆ. ಮಾವಿನ ಎಲೆ, ಪಿಕಳಾರದ ಪುಕ್ಕ, ಒದ್ದೆ ಕಪ್ಪು ಪುಡಿ, ಜೊತೆಗೆ ಅಕ್ಷರ ಮಾಸಿದ ಬಸ್ ಟಿಕೆಟ್ ಒಂದು. ಎಲ್ಲಿಂದ ಹಾರಿಬಂತೋ. ಟಿಕೆಟನ್ನೂ ಅಲ್ಲೇ ಬಿಟ್ಟಿದ್ದೇನೆ.